ಮಳೆಗಾಲ ತಾಳಿಕೊಂಡ ಚಿರೇಕಲ್ಲು ಚಳಿಗಾಲದಲ್ಲಿ ಯಾಕೆ ಉದುರುತ್ತದೆ?

ಪ್ರಶ್ನೆ: ನಮ್ಮ ಮನೆ ಅಂಕೋಲಾ ಕಡೆ, ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಪಕ್ಕದಲ್ಲಿ. ಚಿರೇಕಲ್ಲಿನ (ಜಂಬಿಟ್ಟಿಗೆ, ಅಂದರೆ ಲ್ಯಾಟರೈಟ್) ಗೋಡೆ. ನೆಲದಿಂದ ಎರಡು-ಮೂರು ಅಡಿವರೆಗೆ ಕಲ್ಲು ಪುಡಿಪುಡಿಯಾಗಿ ಉದುರುತ್ತಿದೆ. ಅದೂ ಮಳೆಗಾಲದಲ್ಲಲ್ಲ, ದೀಪಾವಳಿ ಕಳೆದ ಮೇಲೆ. ಶಿರಸಿಯ ನನ್ನ ತವರುಮನೆಯೂ ಚಿರೇಕಲ್ಲಿನದೇ. ಅಲ್ಲೇನು ಮಳೆ ಕಮ್ಮಿಯೇ? ಆದರೂ ಗೋಡೆ ಗಟ್ಟಿಯಾಗಿದೆ. ನೀರಿಂದ ಕಲ್ಲು ಹಾಳಾಗುವುದಾದರೆ ಹೀಗ್ಯಾಕೆ?

ಉತ್ತರ: ದೀಪಾವಳಿ ಕಳೆದ ಮೇಲೆ ಅಂತ ಗಮನಿಸಿದ್ದೀರಲ್ಲ, ಅದೇ ಮುಖ್ಯ. ನಿಮ್ಮ ಗೋಡೆಯನ್ನು ತಿನ್ನುತ್ತಿರುವುದು ಕಲ್ಲು ಒಣಗುವಾಗ ಒಳಗೆ ಹರಳುಗಟ್ಟುವ ಉಪ್ಪು.

ನೀರೊಂದೇ ಇದ್ದರೂ ಕಲ್ಲಿನ ಬಲ ಕುಗ್ಗುತ್ತದೆ, ಅದು ನಿಜ. ಚಿರೇಕಲ್ಲಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಅಂಶದ ಗಟ್ಟಿ ಗೂಡು ಇರುತ್ತದೆ. ಅದರ ತೂತುಗಳಲ್ಲಿ ಶೇಡಿಯಂಥ ಮೆತ್ತನೆ ಜೇಡಿ ತುಂಬಿರುತ್ತದೆ. ನೀರು ಸೇರಿದರೆ ಜೇಡಿ ಸಡಿಲವಾಗುತ್ತದೆ. ಕರಿಕಲ್ಲಿನಲ್ಲಿ ತೂತು ತೀರಾ ಕಮ್ಮಿ, ಹಾಗಾಗಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಆದರೆ ಚಿರೇಕಲ್ಲು ಒಣಗಿದರೆ ಮತ್ತೆ ಬಹುಮಟ್ಟಿಗೆ ಬಿಗಿಯಾಗುತ್ತದೆ. ನಿಮ್ಮ ತವರುಮನೆ ಗೋಡೆ ಉಳಿದಿರುವುದು ಹೀಗೆ.

ನಿಮ್ಮಲ್ಲಿ ನೀರಿನ ಜೊತೆ ಉಪ್ಪೂ ಮೇಲೇರುತ್ತಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಗಜನಿ ನೀರು ಅಷ್ಟು ಉಪ್ಪಿಲ್ಲದಿದ್ದರೂ ವರ್ಷಗಟ್ಟಲೆ ಏರಿದರೆ ಗೋಡೆಯಲ್ಲಿ ಬೇಕಾದಷ್ಟು ಉಪ್ಪು ಕೂಡಿಕೊಳ್ಳುತ್ತದೆ. ಆಶ್ಚರ್ಯ ಅಂದರೆ, ಒದ್ದೆಯಾಗಿರುವವರೆಗೆ ಉಪ್ಪುನೀರು ಜೇಡಿಯನ್ನು ಸಿಹಿನೀರಿನಷ್ಟು ಸಡಿಲಿಸುವುದಿಲ್ಲ. ತೊಂದರೆ ಶುರುವಾಗುವುದು ಒಣಗುವಾಗ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರದಲ್ಲಿ (ಉಪ್ಪು ಮಾಡುವ ಗದ್ದೆಯಲ್ಲಿ) ಬಿಸಿಲಿಗೆ ಉಪ್ಪು ಹರಳುಗಟ್ಟುತ್ತದಲ್ವಾ, ಅದೇ ಕೆಲಸ ಕಲ್ಲಿನ ತೂತಿನೊಳಗೆ ನಡೆಯುತ್ತದೆ. ಆಗರದಲ್ಲಿ ಹರಳು ಬೆಳೆಯಲು ಜಾಗವಿದೆ. ಇಲ್ಲಿಲ್ಲ. ಬೆಳೆಯುವ ಹರಳು ತೂತಿನ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಭಾರತೀಯ ಮಾನಕದ ಪ್ರಕಾರ ಚಿರೇಕಲ್ಲು ಚದರ ಸೆಂಟಿಮೀಟರಿಗೆ ಕನಿಷ್ಠ ಸುಮಾರು 35 ಕಿಲೋ ಒತ್ತಡ ತಾಳಬೇಕು. ಆದರೆ ಅದು ಮೇಲಿನಿಂದ ಬೀಳುವ ಹೊರೆಯ ಲೆಕ್ಕ. ಒಳಗಿನಿಂದ ಸೀಳುವ ಬಲವನ್ನು ಯಾವ ಕಲ್ಲೂ ಹೊರೆಯಷ್ಟು ತಾಳುವುದಿಲ್ಲ.

ಇನ್ನು ದೀಪಾವಳಿಯ ವಿಷಯ. ಗಾಳಿಯ ತೇವಾಂಶ ಸುಮಾರು ಶೇ. 75ಕ್ಕಿಂತ ಜಾಸ್ತಿ ಇದ್ದರೆ ಅಡುಗೆ ಉಪ್ಪು ಗಾಳಿಯ ನೀರನ್ನೇ ಎಳೆದು ಕರಗುತ್ತದೆ. ಕಮ್ಮಿಯಾದರೆ ಹರಳಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದು ಕರಗಿಯೇ ಇರುತ್ತದೆ. ಚಳಿಗಾಲ ಬಂತೆಂದರೆ ಮಧ್ಯಾಹ್ನದ ಒಣ ಗಾಳಿಗೆ ಹರಳು, ರಾತ್ರಿಯ ಇಬ್ಬನಿಗೆ ಮತ್ತೆ ನೀರು. ದಿನಾ ಇದೇ ನಡೆದರೆ ಕಲ್ಲು ಎಷ್ಟು ದಿನ ತಡೆದೀತು?

ಗೋಡೆಯ ಹತ್ತಿರ ಕೂತು ನೋಡಿ. ಮೇಲೆ ಬಿಳಿ ಪುಡಿ ಕಂಡರೆ ಅಷ್ಟು ಗಾಬರಿ ಬೇಡ, ಅದು ಹೊರಗೆ ಬಂದ ಉಪ್ಪು. ಬೆರಳಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬಂದು ಹಕ್ಕಳೆ ಎದ್ದರೆ ಉಪ್ಪು ಒಳಗೇ ಹರಳುಗಟ್ಟಿದೆ. ಗಾಳಿ ಜೋರಾಗಿ ಬೀಸುವ ಕಡೆ ಇದು ಜಾಸ್ತಿ. ನೀರು ಮೇಲ್ಮೈಗೆ ಬರುವ ಮೊದಲೇ ಒಳಗೆ ಒಣಗಿಬಿಡುತ್ತದೆ.

ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ ದೂರ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೆ ಹೋಗುತ್ತದೆ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಮಾಡಿಸಿ. ದಯವಿಟ್ಟು ಸಿಮೆಂಟ್ ಗಿಲಾಯಿ ಮಾತ್ರ ಮಾಡಿಸಬೇಡಿ, ವಾಟರ್‌ಪ್ರೂಫ್ ಪೇಂಟೂ ಬೇಡ. ಹೊರಗೆ ಹೋಗಲು ದಾರಿಯಿಲ್ಲದೆ ನೀರು ಇನ್ನೂ ಮೇಲೇರುತ್ತದೆ. ಕೊನೆಗೆ ಸಿಮೆಂಟು ಕಲ್ಲಿನ ಪದರವನ್ನೂ ಕಿತ್ತುಕೊಂಡೇ ಬೀಳುತ್ತದೆ. ಸುಣ್ಣದ ಗಾರೆ ಬಳಿಸಿ. ಅದು ತೇವವನ್ನು ಹೊರಗೆ ಬಿಡುತ್ತದೆ, ಉಪ್ಪನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಕೆಲವು ವರ್ಷಕ್ಕೆ ಗಾರೆಯೇ ಉದುರುತ್ತದೆ. ಆಗ ಅದನ್ನು ಕೆರೆದು ಹೊಸದು ಬಳಿಸಿದರಾಯಿತು, ಕಲ್ಲು ಉಳಿಯುತ್ತದೆ.