ಮೈಕ್ರೋಬಯೋಮ್: ಮಗುವಿನ ಕರುಳಿಗೆ ಬೀಳುವ ಮೊದಲ ಹೆಪ್ಪು

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಡುತ್ತೇವೆ. ಹೆಪ್ಪು ಚೆನ್ನಾಗಿದ್ದರೆ ಬೆಳಗ್ಗೆ ಗಟ್ಟಿ ಮೊಸರು, ಕೆಟ್ಟಿದ್ದರೆ ಲೋಳೆ. ಮೈಕ್ರೋಬಯೋಮ್ ಅನ್ನೋ ಪದ ಅರ್ಥವಾಗಲು ಇಷ್ಟು ಸಾಕು. ನಮ್ಮ ಕರುಳು, ಬಾಯಿ, ಚರ್ಮದಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾ, ಫಂಗಸ್, ವೈರಸ್‌ಗಳ ಇಡೀ ಬಳಗಕ್ಕೆ ಆ ಹೆಸರು.

ಹುಟ್ಟುವಾಗ ಮಗುವಿನ ಕರುಳು ಹೆಚ್ಚುಕಡಿಮೆ ಖಾಲಿ. ಹೆಪ್ಪು ಬೀಳುವುದು ಹೆರಿಗೆಯಲ್ಲಿ. 2010ರಲ್ಲಿ ವೆನೆಜುವೆಲಾದಲ್ಲಿ ಹತ್ತು ಶಿಶುಗಳನ್ನು ನೋಡಿದಾಗ, ನಾರ್ಮಲ್ ಆಗಿ ಹುಟ್ಟಿದವರ ಮೈಮೇಲೆ ತಾಯಿಯ ಯೋನಿಯ ಬ್ಯಾಕ್ಟೀರಿಯಾ, ಸಿಸೇರಿಯನ್ ಮಕ್ಕಳಲ್ಲಿ ಚರ್ಮದ ಬ್ಯಾಕ್ಟೀರಿಯಾ ಸಿಕ್ಕಿತು. ಆಮೇಲೆ ಬಟ್ಟೆಯನ್ನು ತಾಯಿಯ ಯೋನಿಯ ದ್ರವದಲ್ಲಿ ಅದ್ದಿ ಸಿಸೇರಿಯನ್ ಮಗುವಿಗೆ ಒರೆಸುವ ಪ್ರಯೋಗವೂ ಶುರುವಾಯಿತು. ಇದನ್ನು ಮನೆಯಲ್ಲಿ ಖಂಡಿತ ಮಾಡಬೇಡಿ, ತಾಯಿಗೆ ಗೊತ್ತೇ ಇಲ್ಲದ ಸೋಂಕು ಮಗುವಿಗೆ ಅಂಟಬಹುದು.

2019ರಲ್ಲಿ ಬ್ರಿಟನ್ನಿನಲ್ಲಿ 596 ಮಕ್ಕಳ ಮಲ ಪರೀಕ್ಷಿಸಿದಾಗ ಲೆಕ್ಕವೇ ಬದಲಾಯಿತು: ನಾರ್ಮಲ್ ಹೆರಿಗೆಯ ಮಕ್ಕಳ ಕರುಳಿಗೆ ಬಂದದ್ದು ಹೆಚ್ಚಾಗಿ ತಾಯಿಯ ಕರುಳಿನ ಬ್ಯಾಕ್ಟೀರಿಯಾ. ಮಗುವಿನ ತಲೆ ಹೊರಬರುವುದು ಮಲದ್ವಾರದ ಪಕ್ಕದಲ್ಲೇ ಅಲ್ವಾ? ಹೇಸಿಗೆ ಅನಿಸಬಹುದು, ಆದರೆ ಒಳ್ಳೆಯ ಹೆಪ್ಪು ಅದೇ. ಸಿಸೇರಿಯನ್ ಮಕ್ಕಳಿಗೆ ಆ ದಾರಿ ಸಿಗುವುದಿಲ್ಲ, ಜೊತೆಗೆ ತಾಯಿಗೆ ಆ್ಯಂಟಿಬಯಾಟಿಕ್ ಕೊಟ್ಟಿರುತ್ತಾರೆ, ಹಾಗಾಗಿ ಅವರಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬ ಕರುಳಿನ ಬ್ಯಾಕ್ಟೀರಿಯಾ ಕಡಿಮೆ, ಆಸ್ಪತ್ರೆಯಲ್ಲಿ ಸುತ್ತುವ ಎಂಟೆರೊಕಾಕಸ್, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಜಾಸ್ತಿ. ಇದೇ ಮಕ್ಕಳನ್ನು ಆರರಿಂದ ಒಂಬತ್ತು ತಿಂಗಳಿಗೆ ಮತ್ತೆ ನೋಡಿದಾಗ ವ್ಯತ್ಯಾಸ ಬಹುಪಾಲು ಕರಗಿತ್ತು.

ಈ ಕೊನೆಯ ಮಾತನ್ನು ಯಾರೂ ಬಾಣಂತಿಗೆ ಹೇಳುವುದಿಲ್ಲ, ಅದೇ ನನಗೆ ಬೇಜಾರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಂತೆ ಕರ್ನಾಟಕದಲ್ಲಿ 100 ಹೆರಿಗೆಗೆ 31ಕ್ಕೂ ಹೆಚ್ಚು ಸಿಸೇರಿಯನ್. ಅಷ್ಟು ತಾಯಂದಿರಿಗೆ "ಕೊಯ್ದು ತೆಗೆದ ಮಗು, ಶಕ್ತಿ ಕಮ್ಮಿ" ಅಂತ ನೋಡಲು ಬಂದವರು ಸುಮ್ನೆ ಹೇಳಿ ಹೋಗುತ್ತಾರೆ. ಆಸ್ತಮಾ, ಅಲರ್ಜಿ ಇಂಥ ಮಕ್ಕಳಲ್ಲಿ ತುಸು ಹೆಚ್ಚು ಕಂಡಿರುವುದು ನಿಜ, ಆದರೆ ಅದಕ್ಕೆ ಹೆರಿಗೆಯ ರೀತಿಯೇ ಕಾರಣ ಎಂದು ಸಾಬೀತಾಗಿಲ್ಲ.

ಇನ್ನೊಂದು ಹೆಪ್ಪು ಎದೆಹಾಲಿನಲ್ಲಿದೆ. ಅದರಲ್ಲಿ ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆ ಇರುತ್ತದೆ, ಅದು ಬಿಫಿಡೊಬ್ಯಾಕ್ಟೀರಿಯಾ ಎಂಬ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಊಟ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಜೇನು ನೆಕ್ಕಿಸುವ ಮನೆಗಳು ಇನ್ನೂ ಇವೆ. ದಯವಿಟ್ಟು ಬೇಡ. ಸಿಸೇರಿಯನ್ ಆಗಿ ತಾಯಿ ಅಂಗಾತ ಮಲಗಿದ್ದರೂ, ಯಾರಾದರೂ ಮಗುವನ್ನು ಎದೆಗೆ ಹಿಡಿದುಕೊಟ್ಟರೆ ಅದು ಹಾಲು ಕುಡಿಯುತ್ತದೆ.