ಮುಳ್ಳು ಸೊನ್ನೆಯಲ್ಲೇ ನಿಂತಿದೆಯಾ? ಬಿಟ್ಟುಕೊಂಡ ಸ್ಪೀಡೋ ಕೇಬಲ್ ಮತ್ತೆ ಕೂರಿಸುವ ಬಗೆ

ಹಳೆ ಕಾರಿನ ಸ್ಪೀಡೋಮೀಟರ್ ಮುಳ್ಳು ಸೊನ್ನೆ ಬಿಟ್ಟು ಏಳುತ್ತಿಲ್ಲ ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಕಿಲೋಮೀಟರ್ ಅಂಕಿ ಓಡುತ್ತಿದೆಯಾ? ಬಹಳ ಜನ ಅದನ್ನು ನೋಡಿರುವುದೇ ಇಲ್ಲ. ‘ಮೀಟರ್ ವೈರ್ ಕಟ್ ಆಗಿದೆ, ಹೊಸದು ಹಾಕಿಬಿಡಿ’ ಅಂತ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಆ ವೈರ್ ಅಂದರೆ ಸ್ಪೀಡೋ ಕೇಬಲ್, ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಮೀಟರಿಗೆ ಮುಟ್ಟಿಸುವ, ಹೊರ ತೊಗಟೆಯೊಳಗೆ ಸುತ್ತುವ ತಂತಿ. ಎಷ್ಟೋ ಸಲ ಹೊಸ ಕೇಬಲ್ ಬೇಕಾಗಿರುವುದೇ ಇಲ್ಲ. ಇದ್ದದ್ದೇ ಒಂದು ತುದಿಯಲ್ಲಿ ಬಿಟ್ಟುಕೊಂಡಿರುತ್ತದೆ, ಅಷ್ಟೆ.

ಆ ಪ್ರಶ್ನೆ ಯಾಕೆ ಅಂದರೆ, ಮೀಟರಿನೊಳಗೆ ಕೇಬಲ್‌ಗೆ ಎರಡು ಕೆಲಸ. ಒಂದು, ಸಣ್ಣ ಹಲ್ಲುಚಕ್ರಗಳ ಮೂಲಕ ಕಿಲೋಮೀಟರ್ ಅಂಕಿಗಳನ್ನು ನೇರವಾಗಿ ತಿರುಗಿಸುವುದು. ಇನ್ನೊಂದು, ಒಂದು ಪುಟ್ಟ ಆಯಸ್ಕಾಂತವನ್ನು ಸುತ್ತಿಸುವುದು. ಮುಳ್ಳು ಸೇರಿಕೊಂಡಿರುವುದು ತೆಳುವಾದ ಅಲ್ಯೂಮಿನಿಯಂ ಬಟ್ಟಲಿಗೆ. ಆಯಸ್ಕಾಂತ ಈ ಬಟ್ಟಲನ್ನು ಮುಟ್ಟುವುದೇ ಇಲ್ಲ. ಅದು ಸುತ್ತಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ, ಬಟ್ಟಲು ಆಯಸ್ಕಾಂತದ ಹಿಂದೆ ಹೊರಡುತ್ತದೆ. ಒಂದು ಸೂಕ್ಷ್ಮ ಸ್ಪ್ರಿಂಗ್ ಅದನ್ನು ವಾಪಸ್ ಎಳೆಯುತ್ತದೆ. ಎರಡು ಎಳೆತವೂ ಸಮ ಆದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯಲ್ಲಿ ಓಟ್ಟೋ ಶುಲ್ಜೆ 1902ರಲ್ಲಿ ಪೇಟೆಂಟ್ ಮಾಡಿಸಿದ ವಿದ್ಯೆ ಇದು. ಕೇಬಲ್ ಇರುವ ಬಹುಪಾಲು ಕಾರುಗಳಲ್ಲಿ ಇದೇ ನಡೆಯಿತು.

ಈಗ ಲೆಕ್ಕ ಹಾಕಿ. ಮುಳ್ಳೂ ಇಲ್ಲ, ಅಂಕಿಯೂ ಓಡುತ್ತಿಲ್ಲ ಅಂದರೆ ಮೀಟರಿಗೆ ತಿರುಗುವಿಕೆಯೇ ತಲುಪುತ್ತಿಲ್ಲ. ಕೇಬಲ್ ಬಿಟ್ಟಿದೆ, ತುಂಡಾಗಿದೆ, ಇಲ್ಲವೇ ಗೇರ್‌ಬಾಕ್ಸ್ ಕಡೆಯ ಸಣ್ಣ ಗೇರ್ ಸವೆದಿದೆ. ಅಂಕಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಕೇಬಲ್ ಮುಟ್ಟಬೇಡಿ, ತೊಂದರೆ ಇರುವುದು ಮೀಟರಿನೊಳಗೆ. ಮುಳ್ಳು ಸರಿ ಇದ್ದು ಅಂಕಿ ನಿಂತಿದ್ದರೂ ಅಷ್ಟೇ. ಮುಳ್ಳು ಅಲುಗಾಡುತ್ತಾ, ಕುಪ್ಪಳಿಸುತ್ತಾ ಏರುತ್ತಿದ್ದರೆ ಕೇಬಲ್ ಬಿಟ್ಟಿಲ್ಲ. ಒಣಗಿದೆ ಅಥವಾ ಎಲ್ಲೋ ಮುರುಟಿಕೊಂಡಿದೆ.

ಬಿಟ್ಟಿರುವುದು ಯಾವ ತುದಿ ಅಂತ ನೋಡಲು ನಾನು ಬಾನೆಟ್ ಎತ್ತಿ ಗೇರ್‌ಬಾಕ್ಸ್ ಕಡೆಯಿಂದಲೇ ಶುರು ಮಾಡುತ್ತೇನೆ. ಡ್ಯಾಶ್‌ಬೋರ್ಡ್ ಬಿಚ್ಚುವುದು ಆಮೇಲೆ. ಹಿಂದಿನ ಚಕ್ರ ಎಳೆಯುವ ಕಾರಿನಲ್ಲಿ ಕೇಬಲ್ ಗೇರ್‌ಬಾಕ್ಸಿನ ಬಾಲದ ಕಡೆ ಕೂರುತ್ತದೆ, ಅದನ್ನು ನೋಡಲು ಕಾರಿನ ಅಡಿಗೆ ಹೋಗಬೇಕು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಸಾಮಾನ್ಯವಾಗಿ ಡಿಫರೆನ್ಶಿಯಲ್ (ಎಡ-ಬಲ ಚಕ್ರಗಳಿಗೆ ತಿರುಗುವಿಕೆ ಹಂಚುವ ಗೇರ್ ಜೋಡಣೆ) ಪಕ್ಕದಲ್ಲಿ ಇರುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಮಾತ್ರ ಬೇರೆ ಜಾತಿ. ಅದರಲ್ಲಿ ಕೇಬಲ್ ಹೋಗುವುದು ಗೇರ್‌ಬಾಕ್ಸಿಗಲ್ಲ, ಮುಂದಿನ ಎಡ ಚಕ್ರಕ್ಕೆ. ಟೊಳ್ಳು ಆಕ್ಸಲ್‌ನೊಳಗಿಂದ ಹಾದು, ಚಕ್ರದ ಗ್ರೀಸ್ ಮುಚ್ಚಳದ ಚೌಕ ತೂತಿನಿಂದ ಹೊರಗೆ ಇಣುಕುತ್ತದೆ. ಅಲ್ಲೊಂದು ಪುಟ್ಟ ಕ್ಲಿಪ್. ಆ ಕ್ಲಿಪ್ ಬಿದ್ದುಹೋದರೆ ಮೀಟರ್ ಸತ್ತ ಹಾಗೆ. ಬೀಟಲ್ ಇಟ್ಟುಕೊಂಡವರು ಬೇರೆಲ್ಲೂ ಹುಡುಕುವ ಮೊದಲು ಅಲ್ಲಿ ನೋಡಿ.

ಗೇರ್‌ಬಾಕ್ಸ್ ತುದಿಯಲ್ಲಿ ಕೇಬಲ್ ಹಿಡಿದಿರುವುದು ಒಂದು ನಟ್, ಇಲ್ಲವೇ ಒಂದು ಕ್ಲಿಪ್ ಅಥವಾ ಪಿನ್. ಅಲ್ಲಿ ಎಣ್ಣೆ ಜಿನುಗಿದ್ದರೆ ಒರೆಸಿ ಸುಮ್ನೆ ಮುಂದೆ ಹೋಗಬೇಡಿ. ಕೇಬಲ್ ಜೊತೆ ಗೇರ್ ಕೂತಿರುವ ಗೂಡೇ ಸ್ವಲ್ಪ ಹೊರಗೆ ಬಂದಿರಬಹುದು, ಅದರ ರಬ್ಬರ್ ಓ-ರಿಂಗ್ ಗಟ್ಟಿಯಾಗಿರಬಹುದು. ಹಾಗಿದ್ದರೆ ಓ-ರಿಂಗ್ ಬದಲಿಸಿ, ಗೇರ್‌ಬಾಕ್ಸ್ ಎಣ್ಣೆ ಮಟ್ಟವನ್ನೂ ನೋಡಿ. ಗೂಡು ಬಿಚ್ಚಿದಾಗ ಪ್ಲಾಸ್ಟಿಕ್ ಗೇರ್‌ನ ಹಲ್ಲುಗಳ ಮೇಲೆ ಉಗುರು ಆಡಿಸಿ. ಒಂದು ಕಡೆ ಮಾತ್ರ ನುಣುಪಾಗಿ ತಿಂದುಹೋಗಿದ್ದರೆ ಗೇರ್ ಹೋಗಿದೆ ಅಂತಲೇ. ಅದನ್ನು ಬಿಟ್ಟು ಕೇಬಲ್ ಎಷ್ಟು ಚೆನ್ನಾಗಿ ಕೂರಿಸಿದರೂ ಪ್ರಯೋಜನ ಇಲ್ಲ.

ಮೀಟರ್ ತುದಿಯ ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಡ್ಯಾಶ್‌ಬೋರ್ಡ್ ಹಿಂದೆ ಕಣ್ಣಿಗೆ ಕಾಣದ ಜಾಗದಲ್ಲಿ ಉಂಗುರ ಹಾಕಿದ ಕೈ ಆಡಿಸುವ ಹೊತ್ತಿಗೆ ವೈರಿಂಗ್‌ನಲ್ಲಿ ಕರೆಂಟ್ ಇರಬಾರದು. ಎರಡು ಥರದ ಜೋಡಣೆ ಸಿಗುತ್ತದೆ. ಒಂದು ಗೀರು ಗೀರಾಗಿರುವ ದುಂಡು ನಟ್, ತಿರುಗಿಸಿ ಬಿಗಿ ಮಾಡುವುದು. ಇನ್ನೊಂದು ಪ್ಲಾಸ್ಟಿಕ್ ಕ್ಲಿಪ್, ಒತ್ತಿದರೆ ‘ಟಕ್’ ಅಂತ ಕೂರುವುದು. ಪ್ಲಾಸ್ಟಿಕ್‌ನದ್ದೇ ಜಾಸ್ತಿ ಕಾಟ. ವರ್ಷಗಟ್ಟಲೆ ಬಿಸಿಗೆ ಒಣಗಿ, ಹಿಡಿಯುವ ನಾಲಗೆ ಮುರಿದಿರುತ್ತದೆ. ಟೇಪ್ ಸುತ್ತಿ ನಿಲ್ಲಿಸಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದು ಮುಂದಿನ ದೊಡ್ಡ ಗುಂಡಿಯವರೆಗೆ ಮಾತ್ರ.

ಇಲ್ಲಿ ಜನ ಸುಸ್ತಾಗುವುದು ಕೇಬಲ್ ಉದ್ದ ಸಾಲದೆ. ಮೀಟರ್ ಹೊರಗೆಳೆದರೆ ಕೇಬಲ್ ತಲುಪುವುದಿಲ್ಲ, ಕೇಬಲ್ ತಲುಪುವಲ್ಲಿ ಕೈ ಹೋಗುವುದಿಲ್ಲ. ಅದಕ್ಕೇ ಗೇರ್‌ಬಾಕ್ಸ್ ಕಡೆಯಿಂದ ಶುರು ಮಾಡಿ ಅಂದದ್ದು. ಆ ತುದಿ ಬಿಚ್ಚಿ, ದಾರಿಯಲ್ಲಿರುವ ಕ್ಲಿಪ್ಪುಗಳನ್ನು ಸಡಿಲಿಸಿ, ಇಂಜಿನ್ ಕಡೆಯಿಂದ ಫೈರ್‌ವಾಲ್ (ಇಂಜಿನ್‌ಗೂ ಕಾರಿನ ಒಳಗಿಗೂ ನಡುವಿನ ತಗಡು) ರಬ್ಬರ್ ಮೂಲಕ ಕೇಬಲ್ ಒಳಗೆ ತಳ್ಳಿ. ಡ್ಯಾಶ್‌ಬೋರ್ಡ್ ಹಿಂದೆ ಒಂದು ಗೇಣು ಜಾಸ್ತಿ ಸಿಕ್ಕಿದರೂ ಸಾಕು, ಮೀಟರ್ ಮುಂದಕ್ಕೆ ಎಳೆದು ಕಣ್ಣಾರೆ ನೋಡಿಕೊಂಡು ಜೋಡಿಸಬಹುದು. ಆಮೇಲೆ ಆ ರಬ್ಬರ್ ಮತ್ತೆ ತನ್ನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಇಲ್ಲದಿದ್ದರೆ ಮಳೆ ನೀರು ಕಾಲ ಬುಡಕ್ಕೆ ಬರುತ್ತದೆ, ತಗಡಿನ ಅಂಚು ಕೇಬಲ್ ತೊಗಟೆಯನ್ನೂ ಕೊರೆಯುತ್ತದೆ.

ಈಗ ನಿಜವಾದ ಕೂರಿಸುವ ಕೆಲಸ. ಒಳಗಿನ ತಂತಿಯ ತುದಿ ಚೌಕ. ಮೀಟರಿನ ತೂತೂ ಚೌಕ. ಎರಡರ ಮೂಲೆಗಳೂ ಒಂದಕ್ಕೊಂದು ಎದುರಾಗಿ ಬಂದರೆ ಮಾತ್ರ ಒಳಗೆ ಇಳಿಯುತ್ತದೆ. ಬಾರದಿದ್ದರೆ ಅರ್ಧದಲ್ಲೇ ನಿಲ್ಲುತ್ತದೆ. ಆಗ ನಟ್ ತಿರುಗಿಸಿ ಎಳೆದುಕೊಳ್ಳೋಣ ಅಂದರೆ ಕೆಟ್ಟಿತು. ತಂತಿಯ ತುದಿ ಮೀಟರಿನ ಆಯಸ್ಕಾಂತದ ಕಡ್ಡಿಯನ್ನು ಮೇಲಕ್ಕೆ ಒತ್ತುತ್ತದೆ. ಸ್ವಲ್ಪ ಓಡಿಸಿದ ಮೇಲೆ ಕಿರ್ ಕಿರ್ ಸದ್ದು, ಮುಳ್ಳು ಹುಚ್ಚಾಪಟ್ಟೆ ಏರುವುದು, ಕೊನೆಗೆ ಮೀಟರೇ ಹೋಗುವುದು. ಹಾಗಾಗಿ ಬೆರಳಲ್ಲಿ ತಂತಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹಗುರವಾಗಿ ಒತ್ತಿ. ಚೌಕ ಸೇರಿದ ಕ್ಷಣ ಬೆರಳಿಗೇ ಗೊತ್ತಾಗುತ್ತದೆ, ಒಂದು ಸಣ್ಣ ಇಳಿತ. ಆಮೇಲೆ ಔಟರ್ (ಕೇಬಲ್ಲಿನ ಹೊರ ತೊಗಟೆ) ತಾನಾಗಿ ಮೀಟರಿಗೆ ತಾಗಿ ಕೂರುತ್ತದೆ. ನಟ್ ಕೈಯಲ್ಲೇ ಬಿಗಿಯಾಗಬೇಕು. ಇಕ್ಕಳ ಬೇಡ. ಗೇರ್‌ಬಾಕ್ಸ್ ತುದಿಯಲ್ಲೂ ಇದೇ ನಿಯಮ.

ಕೆಲವು ಸಲ ಚೌಕ ಸೇರಿದರೂ ಮೀಟರ್ ಓಡುವುದಿಲ್ಲ. ಆಗ ಒಳಗಿನ ತಂತಿ ಔಟರ್‌ನಿಂದ ಎಷ್ಟು ಹೊರಗೆ ಬಂದಿದೆ ನೋಡಿ. ಗೇರ್‌ಬಾಕ್ಸ್ ಕಡೆ ಪೂರ್ತಿ ಕೂತಿದ್ದಾಗ ಮೀಟರ್ ಕಡೆ ಸುಮಾರು 10 ಮಿಲಿಮೀಟರ್ ಇಣುಕುವುದು ಬಹಳ ಕಾರುಗಳಲ್ಲಿ ಸಾಮಾನ್ಯ. ತೀರಾ ಕಡಿಮೆ ಇದ್ದರೆ ಕೆಳಗಡೆ ಕೂತಿಲ್ಲ, ಇಲ್ಲವೇ ಬೇರೆ ಕಾರಿನ ಕೇಬಲ್ ಯಾರೋ ಹಾಕಿದ್ದಾರೆ.

ಕೈ ಹಾಕಿದ್ದಾಗಲೇ ಒಳಗಿನ ತಂತಿ ಎಳೆದು ತೆಗೆದು ನೋಡುವುದು ಒಳ್ಳೆಯದು. ಎರಡೂ ತುದಿ ಹಿಡಿದು ಯು ಆಕಾರಕ್ಕೆ ಬಗ್ಗಿಸಿ, ಒಂದು ತುದಿಯನ್ನು ಬೆರಳಲ್ಲಿ ನಿಧಾನ ಸುತ್ತಿ. ಇನ್ನೊಂದು ತುದಿ ಸರಾಗವಾಗಿ ಸುತ್ತಿದರೆ ತಂತಿ ಚೆನ್ನಾಗಿದೆ. ತಡೆದು ತಡೆದು ಹಾರಿದರೆ ಮುರುಟು ಇದೆ, ಅದನ್ನು ಸರಿಮಾಡಲು ಹೋಗಬೇಡಿ. ಗ್ರೀಸ್ ವಿಷಯದಲ್ಲಿ ಜಿಪುಣರಾಗಿ. ಕೆಳಗಿನ ಭಾಗಕ್ಕೆ ತೆಳ್ಳಗೆ ಸವರಿ, ಮೀಟರ್ ಕಡೆಯ 20 ಸೆಂಟಿಮೀಟರ್ ಒರೆಸಿ ಒಣಗಿಸಿ. ತಂತಿ ಎಂದರೆ ಸುತ್ತಿಗೆ ಸುತ್ತು ಹೆಣೆದ ಎಳೆಗಳು. ಅದು ಸುತ್ತುವಾಗ ಸ್ಕ್ರೂ ಹಾಗೆ ಗ್ರೀಸನ್ನು ಮೇಲಕ್ಕೆ ಹತ್ತಿಸುತ್ತದೆ. ಆಯಸ್ಕಾಂತ ಮತ್ತು ಬಟ್ಟಲ ನಡುವೆ ಗ್ರೀಸ್ ಹೊಕ್ಕರೆ ಬಟ್ಟಲು ಅಂಟಿಕೊಂಡೇ ಸುತ್ತಲು ನೋಡುತ್ತದೆ. ನಿಧಾನಕ್ಕೆ ಹೋಗುತ್ತಿದ್ದರೂ ಮುಳ್ಳು ಕೊನೆಯ ಅಂಕಿಗೆ ಹೋಗಿ ಬಡಿಯುತ್ತದೆ.

ಇಷ್ಟು ಮಾಡಿದರೆ ಮೀಟರ್ ಓಡುತ್ತದೆ. ಆದರೆ ಸರಿಯಾಗಿ ಕೂತಿದ್ದ ಕೇಬಲ್ ತಾನಾಗಿ ಬಿಡುವುದು ಅಪರೂಪ. ಯಾರೋ ಬಲ್ಬ್ ಬದಲಿಸಲು ಮೀಟರ್ ಎಳೆದಿರುತ್ತಾರೆ, ಸ್ಟೀರಿಯೋ ಹಾಕುವಾಗ ಕೈ ತಾಗಿಸಿರುತ್ತಾರೆ, ಕ್ಲಚ್ ಕೆಲಸದಲ್ಲಿ ಗೇರ್‌ಬಾಕ್ಸ್ ಇಳಿಸಿದವರು ಅರ್ಧ ಸೇರಿಸಿ ಬಿಟ್ಟಿರುತ್ತಾರೆ. ಇದ್ಯಾವುದೂ ಅಲ್ಲದಿದ್ದರೆ ಇಂಜಿನ್ ಮೌಂಟಿಂಗ್ (ಇಂಜಿನ್ ಹೊತ್ತಿರುವ ರಬ್ಬರ್ ಆಸರೆ) ನೋಡಿ. ಬ್ರೇಕ್ ಒತ್ತಿಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಟ್ಟು, ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಕಾರಿನ ಮುಂದೆ ಯಾರೂ ನಿಲ್ಲಬಾರದು. ಇಂಜಿನ್ ಎದ್ದು ಬಿದ್ದು ಆಡುತ್ತಿದ್ದರೆ ಪ್ರತಿ ಗೇರ್ ಬದಲಾವಣೆಗೂ ಅದು ಕೇಬಲ್ ಜಗ್ಗುತ್ತಿದೆ ಅಂತ ಅರ್ಥ. ಮೌಂಟಿಂಗ್ ಹಾಕದೆ ಕೇಬಲ್ ಮಾತ್ರ ಕೂರಿಸಿದರೆ ಮತ್ತೆ ಬಿಡುತ್ತದೆ, ಅಲ್ವಾ? ದಾರಿಯನ್ನೂ ಗಮನಿಸಿ. ಎಲ್ಲೂ 15 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಬೇಡ. ಮೀಟರಿನಿಂದ ಹೊರಟ ಮೊದಲ 5 ಸೆಂಟಿಮೀಟರ್ ನೆಟ್ಟಗಿರಲಿ. ಸೈಲೆನ್ಸರ್ ಕೊಳವೆಯಿಂದ ದೂರ ಇರಲಿ.

ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲೇ ಪರೀಕ್ಷೆ ಮಾಡಿಬಿಡಿ. ಗೇರ್‌ಬಾಕ್ಸ್ ತುದಿ ಸೇರಿಸಿ, ಮೀಟರ್ ತುದಿ ಹೊರಗೇ ಇಟ್ಟು, ನ್ಯೂಟ್ರಲ್‌ನಲ್ಲಿ ಕಾರನ್ನು ಕೆಲವು ಅಡಿ ತಳ್ಳಿಸಿ. ಚೌಕ ತುದಿ ತಿರುಗಬೇಕು. ಜಾಗ ಇಲ್ಲದಿದ್ದರೆ ಎಳೆಯುವ ಒಂದು ಚಕ್ರ ಜ್ಯಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಅಡ್ಡ ಇಟ್ಟು, ಕೈಯಲ್ಲಿ ಸುತ್ತಿ. ಇನ್ನೊಂದು ಚಕ್ರ ನೆಲದಲ್ಲೇ ಇರುವುದರಿಂದ ಡಿಫರೆನ್ಶಿಯಲ್ ಅರ್ಧ ವೇಗದಲ್ಲಿ ತಿರುಗುತ್ತದೆ, ಕೇಬಲ್ ನಿಧಾನ ಅನಿಸಿದರೆ ಹೆದರಬೇಡಿ. ಚಕ್ರ ಸುತ್ತಿದರೂ ಚೌಕ ಅಲುಗಾಡದಿದ್ದರೆ ತಂತಿ ತುಂಡಾಗಿದೆ ಅಥವಾ ಕೆಳಗಿನ ಗೇರ್ ಹೋಗಿದೆ.

ಬೇರೆ ಕಾರಿನ ಮೀಟರ್ ಹಾಕಿದ್ದರೆ ಡಯಲ್ ಮೇಲಿನ ಸಣ್ಣ ಅಂಕಿ ಓದಿ. ಸ್ಮಿತ್ಸ್ ಕಂಪನಿಯ ಮೀಟರುಗಳಲ್ಲಿ ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ಅಂತ ಇರುತ್ತದೆ. ವಿಡಿಓ ಕಂಪನಿಯ ಮೀಟರುಗಳಲ್ಲಿ ‘ಡಬ್ಲ್ಯೂ’ ಎದುರಿನ ಅಂಕಿ ಒಂದು ಮೀಟರ್ ದೂರಕ್ಕೆ ಎಷ್ಟು ಸುತ್ತು ಅನ್ನುವುದು. ಅದು 1 ಆಗಿದ್ದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕೇಬಲ್ ನಿಮಿಷಕ್ಕೆ 1000 ಸುತ್ತು ಸುತ್ತುತ್ತದೆ. ಈ ಅಂಕಿ ನಿಮ್ಮ ಗೇರ್‌ಬಾಕ್ಸಿಗೆ ಹೊಂದದಿದ್ದರೆ ವೇಗವೂ ತಪ್ಪು, ದೂರವೂ ತಪ್ಪು. ಎಷ್ಟು ಗ್ರೀಸ್ ಹಾಕಿದರೂ ಅದು ಸರಿಯಾಗುವುದಿಲ್ಲ.

ರಸ್ತೆಯಲ್ಲಿ ಒಂದೇ ವೇಗ ಹಿಡಿದು ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ, ಫೋನ್ ನೋಡುವವರು ಪಕ್ಕದ ಸೀಟಿನಲ್ಲಿರಲಿ. ಮೀಟರ್ ಸ್ವಲ್ಪ ಜಾಸ್ತಿ ತೋರಿಸುವುದು ದೋಷವಲ್ಲ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು. ಜಾಸ್ತಿಯಾದರೆ ನಿಜ ವೇಗದ ಶೇ 10 ಮತ್ತು ಅದರ ಮೇಲೆ ಗಂಟೆಗೆ 4 ಕಿಲೋಮೀಟರ್‌ವರೆಗೆ ನಡೆಯುತ್ತದೆ. ಕಡಿಮೆ ತೋರಿಸುತ್ತಿದ್ದರೆ ಮೊದಲು ಟೈರ್ ಅಳತೆ ನೋಡಿ.

ಕೇಬಲ್ ಬಿಟ್ಟಿದ್ದ ದಿನಗಳಲ್ಲಿ ಓಡಿಸಿದ ದೂರ ಮೀಟರಿನಲ್ಲಿ ಸೇರಿಲ್ಲ ಅನ್ನುವುದು ಮರೆಯಬೇಡಿ. ತುಂಬಿಸಿದ ಪೆಟ್ರೋಲ್ ಲೆಕ್ಕದಿಂದ ಅಂದಾಜು ತೆಗೆದು ಸರ್ವಿಸ್ ಪುಸ್ತಕದಲ್ಲಿ ದಿನಾಂಕದ ಜೊತೆ ಬರೆದಿಡಿ. ಇಂಜಿನ್ ಎಣ್ಣೆ, ಟೈಮಿಂಗ್ ಬೆಲ್ಟ್ ಬದಲಿಸುವ ಲೆಕ್ಕಕ್ಕೆ ಅದೂ ಸೇರಬೇಕು. ಕಾರು ಮಾರುವಾಗ ಕೊಳ್ಳುವವರಿಗೆ ಆ ಪುಟ ತೋರಿಸಿ.