ದುರಂತ ನಾಯಕ ಮತ್ತು ಮಹಾಕಾವ್ಯದ ನಾಯಕ

ಗೆಲ್ಲುವವನು ಮಹಾಕಾವ್ಯದ ನಾಯಕ, ಸಾಯುವವನು ದುರಂತ ನಾಯಕ ಎಂಬ ವಿವರಣೆ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಗ್ರೀಕ್ ಕೃತಿಗಳನ್ನೇ ಮುಂದಿಟ್ಟುಕೊಂಡು ನೋಡಿದರೂ ಇದು ನಿಲ್ಲುವುದಿಲ್ಲ. ಟ್ರಾಯ್‌ನಲ್ಲಿ ಉಳಿದು ಕಾದಿದರೆ ತನ್ನ ಆಯುಷ್ಯ ಮುಗಿಯಿತೆಂಬುದು ‘ಇಲಿಯಡ್’ನ ಅಖಿಲೀಸನಿಗೆ ಮೊದಲೇ ಗೊತ್ತು, ಆದರೂ ಅವನು ಮಹಾಕಾವ್ಯದ ನಾಯಕ. ಸೊಫೊಕ್ಲಿಸ್ ರಚಿಸಿದ ‘ದೊರೆ ಈಡಿಪಸ್’ ನಾಟಕ ಮುಗಿಯುವಾಗ ಈಡಿಪಸ್ ಕುರುಡನಾಗಿದ್ದಾನೆ, ಆದರೆ ಬದುಕಿದ್ದಾನೆ; ದುರಂತ ನಾಟಕದ (ಟ್ರ್ಯಾಜಿಡಿಯ) ಲಕ್ಷಣ ಹೇಳುವಾಗ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಮತ್ತೆ ಮತ್ತೆ ನೆನೆಯುವುದು ಅವನನ್ನೇ.

ಮಹಾಕಾವ್ಯದ ನಾಯಕನ ಸಾಹಸದ ಮೇಲೆ ಒಂದು ಸೇನೆಯ, ಕುಲದ ಅಥವಾ ನಾಡಿನ ಅಳಿವು ಉಳಿವು ನಿಂತಿರುತ್ತದೆ. ಅವನಲ್ಲಿ ದೋಷವಿರಬಾರದೆಂದೇನಿಲ್ಲ, ಅಖಿಲೀಸನ ಕೋಪಕ್ಕೆ ಅವನ ಕಡೆಯವರೇ ಬಲಿಯಾಗುತ್ತಾರೆ. ಆದರೆ ಕಾವ್ಯದ ಗಮನ ಅವನ ಪರಾಕ್ರಮ ಮತ್ತು ಕೀರ್ತಿಯ ಮೇಲಿರುತ್ತದೆ. ಕಾವ್ಯ ಹೇಗಿರಬೇಕೆಂದು ನಿರೂಪಿಸಿದ ನಮ್ಮ ಸಂಸ್ಕೃತ ಲಾಕ್ಷಣಿಕರಲ್ಲಿ ದಂಡಿಯು ಚತುರನೂ ಉದಾತ್ತನೂ ಆದ ನಾಯಕನನ್ನು ಮಹಾಕಾವ್ಯಕ್ಕೆ ವಿಧಿಸಿ, ಅಲ್ಲಿ ವರ್ಣಿಸಬೇಕಾದ ಸಂಗತಿಗಳಲ್ಲಿ ನಾಯಕನ ಅಭ್ಯುದಯವನ್ನೂ ಸೇರಿಸುತ್ತಾನೆ.

ದುರಂತ ನಾಯಕನ ವಿಷಯದಲ್ಲಿ ಗಮನವೆಲ್ಲ ಅವನ ಪತನ ಅವನ ಕೈಯಿಂದಲೇ ಹೇಗೆ ಒದಗಿತು ಎಂಬುದರ ಮೇಲೆ. ಅರಿಸ್ಟಾಟಲನ ಪ್ರಕಾರ ಅವನು ಪ್ರಖ್ಯಾತನಾಗಿರಬೇಕು, ಪರಮ ಸಜ್ಜನನೂ ನೀಚನೂ ಆಗಿರದೆ, ದುಷ್ಟತನದಿಂದಲ್ಲದೆ ಯಾವುದೋ ಪ್ರಮಾದದಿಂದ ಕೆಡಬೇಕು. ಥೀಬ್ಸ್ ನಗರಕ್ಕೆ ಬಂದ ಪಿಡುಗನ್ನು ಕಳೆಯಲೆಂದು ಈಡಿಪಸ್ ಹಿಂದಿನ ದೊರೆಯ ಕೊಲೆಗಾರನಿಗೆ ಬಹಿರಂಗವಾಗಿ ಶಾಪ ಹಾಕುತ್ತಾನೆ. ಆ ಕೊಲೆಗಾರ ತಾನೇ ಎಂಬುದು ಅವನಿಗಿನ್ನೂ ತಿಳಿದಿಲ್ಲ. ಕೊರಿಂಥ್‌ನಿಂದ ಬಂದ ದೂತ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವೆನೆಂಬ ಅವನ ಭಯ ನೀಗಿಸಲೆಂದು ಆಡಿದ ಮಾತೇ, ಕೊಂದ ದೊರೆಯೇ ತಂದೆ, ಮದುವೆಯಾದ ರಾಣಿಯೇ ತಾಯಿ ಎಂಬ ಅವನ ಜನ್ಮರಹಸ್ಯವನ್ನು ಹೊರಗೆಡವುತ್ತದೆ. ಸ್ಥಿತಿ ತಲೆಕೆಳಗಾಗುವುದೂ ಸತ್ಯದ ಅರಿವಾಗುವುದೂ ಇಲ್ಲಿ ಒಟ್ಟಿಗೆ ನಡೆಯುತ್ತವೆ. ಅರಿಸ್ಟಾಟಲ್ ಮೆಚ್ಚಿದ್ದು ಈ ಜೋಡಣೆಯನ್ನು.

ಇಬ್ಬರೂ ಒಂದೇ ಕಾವ್ಯದಲ್ಲಿ ಎದುರುಬದುರಾಗುವುದನ್ನು ನೋಡಬೇಕಿದ್ದರೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ರನ್ನನ ‘ಗದಾಯುದ್ಧ’ಕ್ಕೆ ನಾಯಕ ಭೀಮ, ಕವಿ ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಅವನೊಂದಿಗೆ ಸಮೀಕರಿಸಿದ್ದಾನೆ. ಹೀಗಿದ್ದೂ ಓದುಗರ ಮನಸ್ಸು ನಿಲ್ಲುವುದು, ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರ ಮುಂದೆ ಗೋಳಿಡುವ ದುರ್ಯೋಧನನಲ್ಲಿ. ವೈರಿಯ ಮಗ ಅಭಿಮನ್ಯುವಿನ ಶವದೆದುರು ಕೈಮುಗಿದು, ತನಗೂ ಅಂಥ ವೀರಮರಣ ಬರಲೆಂದು ಹಾರೈಸುವವನು ಬರೀ ಖಳನಾಗಲಾರ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯವನ್ನು ನಾಟಕವಾಗಿಸಿದಾಗ ದುರ್ಯೋಧನನನ್ನು ದುರಂತ ನಾಯಕನಾಗಿ ಕಂಡದ್ದು ಸಹಜವೇ ಆಗಿತ್ತು.

ಆದರೂ ಗ್ರೀಕ್ ಅಳತೆ ಅವನಿಗೆ ಪೂರ್ತಿ ಒಪ್ಪುತ್ತದೆಂದು ನನಗನ್ನಿಸುವುದಿಲ್ಲ. ಸಂಧಿ ಮಾಡಿಕೊಳ್ಳೆಂದ ಭೀಷ್ಮನಿಗೆ ಅವನು ಕೊಡುವ ಉತ್ತರ ಪ್ರಸಿದ್ಧವಾದದ್ದು: ತಾನು ಕಾದುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ; ಕರ್ಣನನ್ನು ಕೊಲ್ಲಿಸಿದ ಈ ಪಾಳುನೆಲದೊಡನೆ ಮತ್ತೆ ಕೂಡಿ ಬಾಳಲಾರೆ. ಅವನನ್ನು ದೊಡ್ಡವನಾಗಿಸಿದ ಛಲವೇ ಅವನನ್ನು ಮುಗಿಸುತ್ತದೆ ಎಂಬಷ್ಟರ ಮಟ್ಟಿಗೆ ಇದು ದುರಂತ ನಾಯಕನ ಮಾತೇ ಹೌದು. ಆದರೆ ಈಡಿಪಸ್ ತಪ್ಪನ್ನು ತನ್ನಲ್ಲೇ ಕಂಡು ತನ್ನ ಕಣ್ಣನ್ನು ತಾನೇ ಇರಿದುಕೊಂಡರೆ, ದುರ್ಯೋಧನ ಕರ್ಣನ ಸಾವಿನ ಹೊಣೆಯನ್ನು ನೆಲದ ಮೇಲೆ ಹೊರಿಸಿ ಗದೆ ಹಿಡಿಯುತ್ತಾನೆ.